ಬಾವು ಇಳಿದರೆ ಸಾಕೆ?

ನಮ್ಮ ಕಡೆ ‘ಉರಿಯೂತ’ ಅಂತ ಬಾಯಿಮಾತಲ್ಲಿ ಯಾರೂ ಹೇಳುವುದಿಲ್ಲ. ಅದು ಪುಸ್ತಕದ ಮಾತು. ನಾವು ಬಾವು ಅಂತೀವಿ, ಊತ ಅಂತೀವಿ, ‘ಕೈ ಬಾತೈತೆ’ ಅಂತೀವಿ. ಆದರೆ ಆ ಪುಸ್ತಕದ ಪದವನ್ನು ಬಿಡಿಸಿ ನೋಡಿದರೆ ಅದರಲ್ಲಿ ಇರುವುದು ನಮ್ಮ ಮಾತೇ: ಉರಿ ಮತ್ತು ಊತ. ಸುಮಾರು 2000 ವರ್ಷಗಳ ಹಿಂದೆ ರೋಮ್‌ನಲ್ಲಿ ಸೆಲ್ಸಸ್ ಎಂಬಾತ ಇದಕ್ಕೆ ನಾಲ್ಕು ಗುರುತು ಬರೆದಿಟ್ಟಿದ್ದ. ಕೆಂಪಾಗುವುದು, ಊದುವುದು, ಬಿಸಿಯಾಗುವುದು, ನೋಯುವುದು. ಇವತ್ತಿಗೂ ಡಾಕ್ಟರ್ ಓದುವವರಿಗೆ ಮೊದಲು ಹೇಳಿಕೊಡುವುದು ಆ ನಾಲ್ಕನ್ನೇ.

ನಾನು ಡಾಕ್ಟರ್ ಅಲ್ಲ. ಪತ್ರಿಕೋದ್ಯಮ ಓದಿದವಳು. ಆದರೂ ಇದರ ಬಗ್ಗೆ ಬರೆಯಲು ಕೂತಿದ್ದೇನೆ, ಯಾಕೆಂದರೆ ಬಾವಿನ ನಾಲ್ಕು ಥರದ ಕಥೆ ನನ್ನ ಮನೆಯಲ್ಲೇ ಇದೆ. ನಮ್ಮ ಅಜ್ಜಿಗೆ ನಾಲ್ಕು ಜನ ಹೆಣ್ಣುಮಕ್ಕಳು. ದೊಡ್ಡಮ್ಮನನ್ನು ಜಗಳೂರು ಕಡೆಗೆ ಕೊಟ್ಟರು. ಅವ್ವನನ್ನು ಚನ್ನಗಿರಿ ತಾಲ್ಲೂಕಿಗೆ. ಒಬ್ಬ ಚಿಕ್ಕಮ್ಮ ಹೊನ್ನಾಳಿಗೆ, ಇನ್ನೊಬ್ಬರು ನ್ಯಾಮತಿಗೆ. ಕೊನೆಯವರ ಮದುವೆಯಾದಾಗ ನ್ಯಾಮತಿ ಬೇರೆ ತಾಲ್ಲೂಕಾಗಿರಲಿಲ್ಲ, ಹೊನ್ನಾಳಿಗೇ ಸೇರಿತ್ತು. ನಾಲ್ಕೂ ಮನೆಯಲ್ಲಿ ಕೆಲಸ ಬೇರೆ, ನೀರು ಬೇರೆ, ಬೆಳೆ ಬೇರೆ. ಹಬ್ಬಕ್ಕೆ ಸೇರಿದಾಗ ಮಾತ್ರ ಮಾತು ಒಂದೇ: ‘ಎಲ್ಲಿ ನೋವು, ಯಾವ ಮಾತ್ರೆ, ಯಾರ ಹತ್ರ ಸೂಜಿ?’

ಅವ್ವನಿಂದ ಶುರು ಮಾಡುತ್ತೇನೆ, ಅದು ಸುಲಭದ ಕಥೆ.

ಚನ್ನಗಿರಿ ಕಡೆ ಅಡಿಕೆ ಕೊಯ್ಲು ಶುರುವಾದರೆ ಖೇಣಿ ಮನೆಗಳಲ್ಲಿ ಹೆಂಗಸರು ಸಾಲಾಗಿ ಕೂತು ಹಸಿ ಅಡಿಕೆ ಸುಲಿಯುತ್ತಾರೆ. ಕೂಲಿ ಡಬ್ಬದ ಲೆಕ್ಕ. ಹೆಚ್ಚು ಡಬ್ಬ ತುಂಬಬೇಕೆಂದರೆ ಕೈ ಓಡಬೇಕು, ಕೈ ಓಡಿದರೆ ಒಂದಲ್ಲ ಒಂದು ದಿನ ಕತ್ತಿ ಬೆರಳಿಗೆ ತಾಗಲೇಬೇಕು. ಅವ್ವನ ಹೆಬ್ಬೆರಳಿಗೆ ಹಾಗೆ ತಾಗಿದ ಗಾಯಗಳ ಗೆರೆ ಎಷ್ಟಿವೆಯೋ. ತಾಗಿದ ಸ್ವಲ್ಪ ಹೊತ್ತಿಗೆ ಸುತ್ತ ಕೆಂಪು, ರಾತ್ರಿಗೆ ಊತ, ‘ಬೆರಳು ಪಟಪಟ ಅಂತೈತೆ’ ಎಂಬ ನರಳಾಟ. ನಾಲ್ಕೈದು ದಿನಕ್ಕೆ ತಾನಾಗಿ ಇಳಿಯುತ್ತದೆ.

ಒಳಗೆ ನಡೆಯುವುದು ಹೀಗೆ. ಚರ್ಮ ಹರಿದಾಗ ಅಲ್ಲಿನ ಜೀವಕೋಶಗಳು ಒಡೆದು, ‘ಇಲ್ಲಿ ಪೆಟ್ಟಾಗಿದೆ’ ಎಂಬ ರಾಸಾಯನಿಕ ಸುದ್ದಿ ಹೊರಬೀಳುತ್ತದೆ. ಚರ್ಮದೊಳಗೆ ಕಾವಲಿಗೆ ಇರುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ವಸ್ತುವನ್ನು ಬಿಡುತ್ತವೆ. ಆಗ ಸಣ್ಣ ರಕ್ತನಾಳಗಳು ಅಗಲವಾಗುತ್ತವೆ. ಭದ್ರಾ ನಾಲೆಯ ತೂಬು ಎತ್ತಿದ ಹಾಗೆ ರಕ್ತ ಆ ಜಾಗಕ್ಕೆ ನುಗ್ಗುತ್ತದೆ. ಅದಕ್ಕೇ ಕೆಂಪು, ಅದಕ್ಕೇ ಬಿಸಿ. ನಾಳದ ಗೋಡೆಯ ಸಂದು ಸಡಿಲವಾಗಿ ರಕ್ತದ ನೀರಿನಂಶ ಹೊರಗೆ ಜಿನುಗುತ್ತದೆ. ಅದೇ ಊತ. ಆ ಸಂದಿನಿಂದಲೇ ಬಿಳಿ ರಕ್ತಕಣಗಳು ನುಸುಳಿ ಹೊರಬಂದು, ಕತ್ತಿಯ ಜೊತೆ ಒಳಗೆ ಹೋದ ರೋಗಾಣುಗಳನ್ನು ನುಂಗತೊಡಗುತ್ತವೆ. ಹೋರಾಡಿ ಸತ್ತ ಬಿಳಿ ರಕ್ತಕಣಗಳ ರಾಶಿಯೇ ಕೀವು. ಇದೇ ಹೊತ್ತಿಗೆ ಪ್ರೊಸ್ಟಗ್ಲಾಂಡಿನ್ ಎಂಬ ಇನ್ನೊಂದು ಬಗೆಯ ವಸ್ತು ನೋವಿನ ನರಗಳನ್ನು ಸೂಕ್ಷ್ಮಗೊಳಿಸುತ್ತದೆ. ಆ ಬೆರಳನ್ನು ನಾವು ತಾನಾಗಿ ಜೋಪಾನ ಮಾಡುವುದು ಆ ನೋವಿನಿಂದ.

ಎರಡು ಮೂರು ದಿನಕ್ಕೆ ಮ್ಯಾಕ್ರೊಫೇಜ್ ಎಂಬ ದೊಡ್ಡ ಕೋಶಗಳು ಬಂದು ಸತ್ತದ್ದನ್ನೆಲ್ಲ ತಿಂದು ಜಾಗ ಚೊಕ್ಕ ಮಾಡುತ್ತವೆ. ಆಮೇಲೆ ‘ಇನ್ನು ಸಾಕು’ ಎಂಬ ಸುದ್ದಿ ಹೋಗುತ್ತದೆ. ಹೊಸ ಚರ್ಮ, ಒಂದು ಗೆರೆ, ಕೆಲಸ ಮುಗಿಯಿತು.

ಈ ಕೋಶಗಳ ಕೆಲಸವನ್ನು ಮೊದಲು ಕಣ್ಣಾರೆ ಕಂಡವನ ಕಥೆ ನನಗೆ ಇಷ್ಟ. 1882ರಲ್ಲಿ ಇಟಲಿಯ ಮೆಸಿನಾದಲ್ಲಿ ಮೆಚ್ನಿಕಾಫ್ ಎಂಬ ವಿಜ್ಞಾನಿ, ಗಾಜಿನಷ್ಟು ತಿಳಿಯಾದ ಮೈಯಿರುವ ನಕ್ಷತ್ರಮೀನಿನ ಮರಿಗೆ ಒಂದು ಮುಳ್ಳು ಚುಚ್ಚಿ ರಾತ್ರಿ ಮಲಗಿದ. ಬೆಳಿಗ್ಗೆ ಎದ್ದು ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದವು. ಅಲ್ಲಿಯವರೆಗೆ ಬಾವು ಎಂದರೆ ರೋಗದ ಹಾವಳಿ ಎಂದೇ ತಿಳಿದವರು ಹೆಚ್ಚು. ಅದು ದೇಹವೇ ಮಾಡುವ ಕೆಲಸ ಎಂದು ಆತ ತೋರಿಸಿದ. 1908ರಲ್ಲಿ ಅವನಿಗೆ ನೊಬೆಲ್ ಬಂತು. ಕಾಲಿಗೆ ಜಾಲಿ ಮುಳ್ಳು ಚುಚ್ಚಿ, ಮರುದಿನ ಸುತ್ತ ಬಾತದ್ದನ್ನು ಕಂಡ ನಮಗೆಲ್ಲ ಇದು ಅರ್ಥವಾಗುವ ವಿಷಯ.

ಹಾಗಾಗಿ ಬಾವು ಶತ್ರುವಲ್ಲ. ಬಾವು ಬರದ ಬೆರಳು ವಾಸಿಯಾಗುವುದೂ ಇಲ್ಲ. ಗಾಯ ತೊಳೆದು, ಆರೋಗ್ಯ ಕೇಂದ್ರದಲ್ಲಿ ಟಿಟಿ ಸೂಜಿ ಬೇಕೇ ಎಂದು ಕೇಳಿ, ಕೈಗೆ ನಾಲ್ಕು ದಿನ ಬಿಡುವು ಕೊಟ್ಟರೆ ಸಾಕು. ಊತ ದಿನದಿನಕ್ಕೆ ಹರಡಿದರೆ, ಗಾಯದಿಂದ ತೋಳಿನ ಕಡೆಗೆ ಕೆಂಪು ಗೆರೆ ಏರಿದರೆ, ಚಳಿಜ್ವರ ಬಂದರೆ ತಡಮಾಡಬಾರದು. ಸಕ್ಕರೆ ಕಾಯಿಲೆ ಇದ್ದವರಂತೂ ಸಣ್ಣ ಗಾಯವನ್ನೂ ತೋರಿಸಬೇಕು.

ತೊಂದರೆ ಶುರುವಾಗುವುದು ‘ಇನ್ನು ಸಾಕು’ ಎಂಬ ಆ ಸುದ್ದಿ ದೇಹಕ್ಕೆ ತಲುಪದೇ ಹೋದಾಗ. ದೊಡ್ಡಮ್ಮನ ಕಥೆ ಅದು.

2006 ನೆನಪಿದೆಯಾ? ಚಿಕೂನ್‌ಗುನ್ಯಾ ಬಂದ ವರ್ಷ. ಆ ವರ್ಷ ಕರ್ನಾಟಕ ಒಂದರಲ್ಲೇ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಹೆಸರು ಕೇಳಿ ಕೋಳಿಯಿಂದ ಬರುತ್ತೆ ಎಂದು ಎಷ್ಟೋ ಮನೆಯಲ್ಲಿ ಚಿಕನ್ ಬಿಟ್ಟರು. ಆ ಹೆಸರಿಗೂ ಕೋಳಿಗೂ ಸಂಬಂಧವಿಲ್ಲ. 1952ರಲ್ಲಿ ಈಗಿನ ತಾಂಜಾನಿಯಾದ ಕಡೆ ಈ ಜ್ವರ ಹಬ್ಬಿದಾಗ, ಅಲ್ಲಿನ ಮಕೊಂಡೆ ಭಾಷೆಯವರು ನೋವಿಗೆ ಮೈ ಬಾಗಿಸಿ ನಡೆಯುವುದನ್ನು ನೋಡಿ ಇಟ್ಟ ಹೆಸರು ಅದು. ಹರಡುವುದು ಹಗಲಲ್ಲಿ ಕಚ್ಚುವ ಸೊಳ್ಳೆ. ಅದು ಮೊಟ್ಟೆ ಇಡುವುದು ಗಟಾರದಲ್ಲಿ ಅಲ್ಲ, ಮನೆಯಲ್ಲಿ ತುಂಬಿಟ್ಟ ತಿಳಿನೀರಿನಲ್ಲಿ.

ಜಗಳೂರಿನವರಿಗೆ ನೀರು ತುಂಬಿಡಬೇಡಿ ಎಂದು ಹೇಳುವುದು ಹೇಗೆ? ಮಳೆ ಕಡಿಮೆ, ನಲ್ಲಿ ನೀರು ಯಾವಾಗ ಬರುತ್ತದೋ ಗೊತ್ತಿಲ್ಲ. ದೊಡ್ಡಮ್ಮನ ಮನೆಯಲ್ಲಿ ಡ್ರಮ್ಮು, ಸಿಮೆಂಟ್ ತೊಟ್ಟಿ, ಹಂಡೆ ಎಲ್ಲ ತುಂಬಿಯೇ ಇರುತ್ತಿದ್ದವು. ಈಗ ಅವರು ಡ್ರಮ್ಮಿನ ಬಾಯಿಗೆ ಹಳೇ ಪಂಚೆ ಕಟ್ಟುತ್ತಾರೆ, ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜುತ್ತಾರೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಬೇಕು. ಅಷ್ಟರೊಳಗೆ ಉಜ್ಜಿದರೆ ಆಯಿತು.

ಆ ವರ್ಷ ಮನೆಮಂದಿಗೆಲ್ಲ ಜ್ವರ ಬಂತು. ಉಳಿದವರ ಕೀಲುನೋವು ಕೆಲವು ವಾರಕ್ಕೆ ಇಳಿಯಿತು. ದೊಡ್ಡಮ್ಮನದು ಪೂರ್ತಿ ಹೋಗಲೇ ಇಲ್ಲ. ಬೆಳಿಗ್ಗೆ ಎದ್ದರೆ ಎರಡೂ ಕೈಯ ಬೆರಳು ಮಡಚಲು ಬರುತ್ತಿರಲಿಲ್ಲ. ಗಂಟೆಗಟ್ಟಲೆ ಬಿಗಿ. ‘ರೊಟ್ಟಿ ತಟ್ಟಾಕೆ ಕೈ ಬರಲ್ಲ ಕಣೇ’ ಎಂದು ಅವ್ವನ ಹತ್ತಿರ ಅಳುತ್ತಿದ್ದರು. ಸಂತೆಗೆ ಹೋದ ದಿನ ಒಬ್ಬರ ಹತ್ತಿರ ಒಂದು ಸೂಜಿ ಹಾಕಿಸಿಕೊಂಡು ಬಂದರು. ಮರುದಿನ ಕೈ ಹಗುರ. ಒಂದು ರಾಶಿ ಬಟ್ಟೆ ಒಗೆದು ಹಾಕಿದರು. ‘ದೇವರು ಬಂದಂಗೆ ಬಂದ’ ಎಂದರು.

ಮೂರು ವಾರಕ್ಕೆ ಮತ್ತೆ ನೋವು. ಮತ್ತೆ ಸೂಜಿ. ಹೀಗೆ ವರ್ಷಗಳು ನಡೆಯಿತು. ಏನು ಮದ್ದು ಎಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಚೀಟಿ ಅಂತ ಒಂದೂ ಇಲ್ಲ. ಮುಖ ದುಂಡಗಾಯಿತು. ‘ಮೈ ತುಂಬ್ಕಂಡಿದೀಯ, ಆರಾಮಾಗಿದೀಯ ಬಿಡು’ ಎಂದು ಊರವರು ಹೇಳಿದರು. ಕೈಕಾಲು ಮಾತ್ರ ಸಣ್ಣಗಾಗುತ್ತ ಹೋದವು. ಸ್ವಲ್ಪ ತಾಗಿದರೂ ಚರ್ಮದಡಿ ರಕ್ತ ಹೆಪ್ಪುಗಟ್ಟಿ ಕಪ್ಪು ಕಲೆ. ಸಕ್ಕರೆ ಕಾಯಿಲೆ ಬಂತು. ಕೊನೆಗೆ ದಾವಣಗೆರೆಯಲ್ಲಿ ತೋರಿಸಿದಾಗ ಡಾಕ್ಟರ್ ಮುಖ ನೋಡುತ್ತಲೇ ಕೇಳಿದ್ದು ಒಂದೇ ಪ್ರಶ್ನೆ: ‘ಎಷ್ಟು ವರ್ಷದಿಂದ ಸ್ಟಿರಾಯ್ಡ್ ತಗೊಳ್ತಿದೀರಮ್ಮ?’

ಸ್ಟಿರಾಯ್ಡ್ ಕಥೆಯೂ ಒಂದು ಪವಾಡದಿಂದಲೇ ಶುರುವಾದದ್ದು. 1948ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯ, ಕೀಲುವಾತದಿಂದ ಹಾಸಿಗೆ ಹಿಡಿದಿದ್ದ 29 ವರ್ಷದ ಹೆಂಗಸಿಗೆ ಕಾರ್ಟಿಸೋನ್ ಸೂಜಿ ಕೊಟ್ಟ. ಕೆಲವೇ ದಿನದಲ್ಲಿ ಆಕೆ ಎದ್ದು ಓಡಾಡಿದಳು. 1950ರಲ್ಲಿ ಹೆಂಚ್ ಮತ್ತು ಇನ್ನಿಬ್ಬರಿಗೆ ನೊಬೆಲ್. ಆದರೆ ಮದ್ದು ನಿಲ್ಲಿಸಿದರೆ ರೋಗ ವಾಪಸ್. ಮುಂದುವರಿಸಿದರೆ ದುಂಡು ಮುಖ, ಸಕ್ಕರೆ, ಟೊಳ್ಳು ಮೂಳೆ, ಬೇಗ ತಗಲುವ ಸೋಂಕು. ಜಗತ್ತಿನ ವೈದ್ಯರು ಕೆಲವೇ ವರ್ಷದಲ್ಲಿ ಕಲಿತ ಪಾಠ, ಎಪ್ಪತ್ತು ವರ್ಷ ಕಳೆದರೂ ನಮ್ಮ ಸಂತೆಯ ಸೂಜಿಗೆ ತಲುಪಿಲ್ಲ.

ಸ್ಟಿರಾಯ್ಡ್ ವಿಷ ಎಂದು ಹೇಳುತ್ತಿಲ್ಲ. ಉಬ್ಬಸ ಜೋರಾದಾಗ, ಕೆಲವು ತೀವ್ರ ಅಲರ್ಜಿಯಲ್ಲಿ ಅದು ಬೇಕಾದ ಮದ್ದು. 2020ರಲ್ಲಿ ಕೊರೊನಾ ರೋಗಿಗಳ ಶ್ವಾಸಕೋಶದಲ್ಲಿ ಬಾವು ಅತಿಯಾದಾಗ, ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಸುಮಾರು ಮೂರನೇ ಒಂದರಷ್ಟು ತಗ್ಗಿಸಿದ್ದು ಡೆಕ್ಸಾಮೆಥಸೋನ್ ಎಂಬ ಅಗ್ಗದ ಸ್ಟಿರಾಯ್ಡ್ ಎಂದು ಬ್ರಿಟನ್ನಿನ ದೊಡ್ಡ ಪ್ರಯೋಗ ತೋರಿಸಿತು. ಮರುವರ್ಷ ಬ್ಲ್ಯಾಕ್ ಫಂಗಸ್ ಬಂದಾಗ, ಸಕ್ಕರೆ ಹತೋಟಿಯಲ್ಲಿಲ್ಲದವರಿಗೆ ಮಿತಿಮೀರಿ ಸ್ಟಿರಾಯ್ಡ್ ಕೊಟ್ಟದ್ದೂ ಕಾರಣಗಳಲ್ಲಿ ಒಂದು ಎಂದು ವೈದ್ಯರೇ ಹೇಳಿದರು. ಅದೇ ಮದ್ದು, ಯಾರಿಗೆ, ಎಷ್ಟು, ಎಷ್ಟು ದಿನ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ದೊಡ್ಡಮ್ಮನಿಗೆ ಇದ್ದದ್ದು ರುಮಟಾಯ್ಡ್ ಸಂಧಿವಾತ ಎಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು. ಇದರಲ್ಲಿ ಗಾಯವೂ ಇಲ್ಲ, ರೋಗಾಣುವೂ ಇಲ್ಲ. ಕಾವಲಿನ ಕೋಶಗಳೇ ದಾರಿತಪ್ಪಿ ಕೀಲಿನ ಒಳಪೊರೆಯನ್ನು ಹೊರಗಿನ ಶತ್ರು ಎಂದು ತಿಳಿದು ಮುತ್ತುತ್ತವೆ. ಊರಿಗೆ ಬಂದ ಕಳ್ಳನನ್ನು ಹಿಡಿಯಬೇಕಾದವರು ಮನೆಯವರನ್ನೇ ಹೊಡೆದ ಹಾಗೆ. ಬೆಂಕಿ ಆರುವುದೇ ಇಲ್ಲ. ವರ್ಷಗಟ್ಟಲೆ ಉರಿದು ಮೃದ್ವಸ್ಥಿ, ಮೂಳೆ ಸವೆದು ಬೆರಳು ಸೊಟ್ಟಗಾಗುತ್ತವೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಮೊದಲ ಕೆಲವು ತಿಂಗಳಲ್ಲೇ ಸರಿಯಾದ ಮದ್ದು ಶುರುಮಾಡಿದರೆ ಕೀಲು ಉಳಿಸಬಹುದು. ದೊಡ್ಡಮ್ಮನ ಆ ತಿಂಗಳುಗಳು ಸೂಜಿಯ ಸುಖದಲ್ಲಿ ಕಳೆದುಹೋದವು. ಸೂಜಿ ಹೊಗೆಯನ್ನು ಅಡಗಿಸಿತು. ಒಳಗೆ ಏನು ಸುಡುತ್ತಿದೆ ಎಂದು ನೋಡುವ ಅಗತ್ಯವೇ ಯಾರಿಗೂ ಕಾಣಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಇದನ್ನು ಓದಿ ಯಾರೂ ಸ್ಟಿರಾಯ್ಡ್ ಅನ್ನು ನಾಳೆಯಿಂದಲೇ ನಿಲ್ಲಿಸಬೇಡಿ. ನಮ್ಮ ಮೂತ್ರಪಿಂಡದ ಮೇಲೆ ಕೂತ ಎರಡು ಸಣ್ಣ ಗ್ರಂಥಿಗಳು ದಿನಾ ಸ್ವಲ್ಪ ಸ್ಟಿರಾಯ್ಡ್ ತಯಾರಿಸುತ್ತವೆ. ಹೊರಗಿನಿಂದ ತಿಂಗಳುಗಟ್ಟಲೆ ಬಂದರೆ ಅವು ಕೆಲಸ ಬಿಟ್ಟು ಮಲಗುತ್ತವೆ. ತಟ್ಟನೆ ನಿಲ್ಲಿಸಿದರೆ ಅವು ಎಚ್ಚರಗೊಳ್ಳುವಷ್ಟರಲ್ಲಿ ಸುಸ್ತು, ವಾಂತಿ, ಬಿಪಿ ಕುಸಿತವಾಗಿ ಜೀವಕ್ಕೇ ಅಪಾಯ ಆಗಬಹುದು. ಡಾಕ್ಟರ್ ಹೇಳಿದಂತೆ ಇಷ್ಟಿಷ್ಟೇ ಇಳಿಸಬೇಕು. ದೊಡ್ಡಮ್ಮನಿಗೆ ಇಳಿಸಲು ತಿಂಗಳುಗಳೇ ಹಿಡಿದವು.

ಹೊನ್ನಾಳಿ ಚಿಕ್ಕಮ್ಮನದು ಮಂಡಿ. ನಾಲೆ ನೀರಿನ ಗದ್ದೆಯಲ್ಲಿ ವರ್ಷಕ್ಕೆರಡು ನಾಟಿ. ಕೆಸರಲ್ಲಿ ಬಗ್ಗಿ ಹಿಂದಕ್ಕೆ ನಡೆಯುವ ಕೆಲಸ. ನಲವತ್ತೈದಕ್ಕೇ ಮಂಡಿ ಸವೆತ ಶುರುವಾಯಿತು. ಸವೆದ ಕೀಲಿನಲ್ಲೂ ಸಣ್ಣ ಉರಿಯೂತ ಇರುತ್ತದೆ, ಹೆಚ್ಚು ಕೆಲಸ ಮಾಡಿದ ದಿನ ಮಂಡಿ ಊದುವುದು ಅದಕ್ಕೆ. ಚಿಕ್ಕಮ್ಮ ಅಂಗಡಿಯಲ್ಲಿ ‘ಮಂಡಿ ಮಾತ್ರೆ ಕೊಡಪ್ಪ’ ಎಂದು ಕೇಳಿ ತಂದು ದಿನಾ ನುಂಗುತ್ತಿದ್ದರು. ಹಾಳೆಯ ಹಿಂದೆ ಓದಿದರೆ ಡೈಕ್ಲೋಫೆನಾಕ್.

ಈ ಜಾತಿಯ ಮದ್ದುಗಳು ಹೇಗೆ ಕೆಲಸ ಮಾಡುತ್ತವೆ ಎಂಬುದಕ್ಕೆ 1971ರಲ್ಲಿ ಜಾನ್ ವೇನ್ ಎಂಬ ಬ್ರಿಟಿಷ್ ವಿಜ್ಞಾನಿ ಉತ್ತರ ಕೊಟ್ಟ. ಆಸ್ಪಿರಿನ್‌ನಂಥವು ಪ್ರೊಸ್ಟಗ್ಲಾಂಡಿನ್ ತಯಾರಾಗದಂತೆ ತಡೆಯುತ್ತವೆ. ಆದರೆ ಅದೇ ಪ್ರೊಸ್ಟಗ್ಲಾಂಡಿನ್ ನಮ್ಮ ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಯುತ್ತದೆ, ಮೂತ್ರಪಿಂಡಕ್ಕೆ ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳುತ್ತದೆ. ದಿನಾ ತಡೆದರೆ ಹೊಟ್ಟೆ ಹುಣ್ಣು, ಬಿಪಿ ಏರಿಕೆ, ಮೂತ್ರಪಿಂಡಕ್ಕೆ ಪೆಟ್ಟು.

ನಂಬದಿದ್ದರೆ ರಣಹದ್ದುಗಳನ್ನು ಕೇಳಿ. ಹಿಂದೆ ದನ ಸತ್ತರೆ ಊರಾಚೆ ಹದ್ದುಗಳು ಇಳಿಯುತ್ತಿದ್ದವು ಎಂದು ಅಜ್ಜಿ ಹೇಳುತ್ತಿದ್ದರು. ನೋವಿಗೆಂದು ದನಗಳಿಗೆ ಕೊಟ್ಟ ಇದೇ ಡೈಕ್ಲೋಫೆನಾಕ್, ಸತ್ತ ದನದ ಮಾಂಸದ ಮೂಲಕ ಹದ್ದುಗಳ ಹೊಟ್ಟೆ ಸೇರಿ, ಮೂತ್ರಪಿಂಡ ಕೆಟ್ಟು ಅವು ಲಕ್ಷಗಟ್ಟಲೆ ಸತ್ತವು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದನ್ನು ಭಾರತ ನಿಷೇಧಿಸಿತು. ರಾಮನಗರದ ಬೆಟ್ಟದಲ್ಲಿ ಉಳಿದ ಕೆಲವೇ ಹದ್ದುಗಳಿಗಾಗಿ 2012ರಲ್ಲಿ ಒಂದು ಧಾಮ ಮಾಡಬೇಕಾಯಿತು. ಮನುಷ್ಯನ ದೇಹ ಹದ್ದಿನಷ್ಟು ನಾಜೂಕಲ್ಲ, ನಿಜ. ನಾಲ್ಕು ದಿನದ ನೋವಿಗೆ, ಊಟದ ಮೇಲೆ, ಡಾಕ್ಟರ್ ಹೇಳಿದಷ್ಟು ತೆಗೆದುಕೊಳ್ಳುವುದು ಬೇರೆ. ವರ್ಷಗಟ್ಟಲೆ ಅಂಗಡಿಯಿಂದ ತಂದು ನುಂಗುವುದು ಬೇರೆ. ಚಿಕ್ಕಮ್ಮ ಈಗ ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮ ಮಾಡುತ್ತಾರೆ, ಬಿಸಿ ಉಪ್ಪಿನ ಶಾಖ ಕೊಡುತ್ತಾರೆ, ನೋವು ತಡೆಯದ ದಿನ ಮಾತ್ರ ಮಾತ್ರೆ.

ಕೊನೆಯದು ಹೇಳಲು ಸ್ವಲ್ಪ ಕಷ್ಟದ ಕಥೆ, ಯಾಕೆಂದರೆ ನಮ್ಮ ಮನೆಯ ಅನ್ನ ಅಡಿಕೆಯದೇ. ನನ್ನ ಕಾಲೇಜು ಫೀಸು ಅವ್ವ ಸುಲಿದ ಅಡಿಕೆಯಿಂದ ಬಂದದ್ದು.

ನ್ಯಾಮತಿ ಚಿಕ್ಕಪ್ಪನಿಗೆ ಬಾಯಲ್ಲಿ ಅಡಿಕೆ ಚೂರು ಇಲ್ಲದೆ ಟ್ರ್ಯಾಕ್ಟರ್ ಓಡುವುದಿಲ್ಲ. ಮೊದಮೊದಲು ಸಾರು ಖಾರ ಎಂದು ಚಿಕ್ಕಮ್ಮನ ಮೇಲೆ ಸಿಡುಕುತ್ತಿದ್ದರು. ಸಾರು ಮೊದಲಿನಂತೆಯೇ ಇತ್ತು, ಬಾಯಿ ಮೊದಲಿನಂತಿರಲಿಲ್ಲ. ಈಗ ಮುದ್ದೆಯ ತುತ್ತು ಹೋಗುವಷ್ಟು ಬಾಯಿ ತೆರೆಯುವುದಿಲ್ಲ. ಅಡಿಕೆಯ ರಸದಲ್ಲಿರುವ ಅರೆಕೋಲಿನ್ ಮುಂತಾದವು ಕೆನ್ನೆಯ ಒಳಪೊರೆಯನ್ನು ದಿನವಿಡೀ ಕೆಣಕುತ್ತವೆ. ಅವ್ವನ ಬೆರಳಿಗೆ ಕತ್ತಿ ತಾಗಿದ್ದು ಒಂದು ಸಲ. ಚಿಕ್ಕಪ್ಪನ ಕೆನ್ನೆಗೆ ದಿನಕ್ಕೆ ಹತ್ತು ಸಲ, ಇಪ್ಪತ್ತು ವರ್ಷ. ಪ್ರತಿ ಸಲ ಬಾವು, ಪ್ರತಿ ಸಲ ರಿಪೇರಿ. ರಿಪೇರಿಯ ನಾರು ಒಂದರ ಮೇಲೊಂದು ಕೂತು ಮೃದುವಾದ ಕೆನ್ನೆ ಹಗ್ಗದಂತೆ ಬಿಗಿಯುತ್ತದೆ. ಇಂಥ ಬಾಯಲ್ಲಿ ಕೆಲವರಿಗೆ ಮುಂದೆ ಕ್ಯಾನ್ಸರ್ ಆಗುತ್ತದೆ. ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಬೆಳೆಗಾರರಿಗೆ ಈ ಮಾತು ಬೇಸರ ತರುತ್ತದೆ, ನನಗೂ ತಂದಿದೆ. ಆದರೆ ಚಿಕ್ಕಪ್ಪನ ಬಾಯಿ ಸುಳ್ಳು ಹೇಳುವುದಿಲ್ಲ.

ನೀವೂ ಮನೆಯಲ್ಲೇ ನೋಡಿಕೊಳ್ಳಬಹುದು. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಾಕಿ. ಹೋಗದಿದ್ದರೆ, ಖಾರಕ್ಕೆ ಬಾಯಿ ಉರಿಯುತ್ತಿದ್ದರೆ, ಕೆನ್ನೆಯೊಳಗೆ ಬಿಳಿಚಿದ್ದರೆ ತೋರಿಸಿ. ದಾವಣಗೆರೆಯಲ್ಲಿ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ. ಬಿಗಿದದ್ದು ಪೂರ್ತಿ ಸಡಿಲವಾಗದೆ ಇರಬಹುದು, ಆದರೆ ಅಗಿಯುವುದನ್ನು ಬಿಟ್ಟರೆ ಇನ್ನಷ್ಟು ಬಿಗಿಯುವುದನ್ನು ತಡೆಯಬಹುದು.

ಈ ನಾಲ್ಕು ಮನೆಯಿಂದ ನಾನು ತಿಳಿದುಕೊಂಡದ್ದು ಇಷ್ಟು. ಬಾವು ಎಂದರೆ ದೇಹ ಏನೋ ಹೇಳುತ್ತಿದೆ. ಅದರ ಬಾಯಿ ಮುಚ್ಚಿಸುವ ಮುಂಚೆ ಏನು ಹೇಳುತ್ತಿದೆ ಎಂದು ಒಮ್ಮೆ ಕೇಳಬೇಕು. ನಾಲ್ಕೈದು ದಿನದಲ್ಲಿ ಇಳಿಯುವ ಬಾವು ಕೆಲಸ ಮಾಡುತ್ತಿರುವ ಬಾವು. ಆರು ವಾರ ದಾಟಿದ ಕೀಲುಬಾವು, ಬೆಳಿಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಬಿಗಿ, ಎರಡೂ ಕೈಯಲ್ಲಿ ಒಂದೇ ಥರದ ನೋವು ಇದ್ದರೆ ಅದು ರಕ್ತ ಪರೀಕ್ಷೆ ಕೇಳುವ ಬಾವು. ಜ್ವರದ ಜೊತೆ ಮೈಕೈ ನೋವಿದ್ದರೆ ಡೆಂಗ್ಯೂ ಅಲ್ಲ ಎಂದು ಗೊತ್ತಾಗುವವರೆಗೆ ಪ್ಯಾರಸಿಟಮಾಲ್ ಮಾತ್ರ. ಬೇರೆ ನೋವಿನ ಮಾತ್ರೆಯಿಂದ ರಕ್ತಸ್ರಾವ ಹೆಚ್ಚಾಗಬಹುದು. ಹೆಸರಿಲ್ಲದ ಪೊಟ್ಟಣದ ‘ವಾತದ ಪುಡಿ’ಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ದೇಶದಲ್ಲಿ ಹಲವು ಸಲ ಪತ್ತೆಯಾಗಿದೆ. ಯಾರೇ ಸೂಜಿ ಹಿಡಿದು ಬಂದರೂ ಮೂರು ಮಾತು ಕೇಳಿ: ‘ಇದರ ಹೆಸರೇನು? ಎಷ್ಟು ದಿನ? ಚೀಟಿಯಲ್ಲಿ ಬರೆದುಕೊಡ್ತೀರಾ?’ ಬರೆದುಕೊಡದವರ ಸೂಜಿ ಬೇಡ.

ದೊಡ್ಡಮ್ಮ ಈಗ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಾರೆ. ಅದು ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಜೀವಕ್ಕೆ ಅಪಾಯ. ಓದಲು ಬಾರದ ಅವರು ಸೋಮವಾರ, ಬಸವಣ್ಣನ ಗುಡಿಗೆ ಹೋಗಿಬಂದ ಮೇಲೆ ಎಂದು ಲೆಕ್ಕ ಇಟ್ಟುಕೊಂಡಿದ್ದಾರೆ. ಕೆಲವು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಸೊಟ್ಟಗಾದ ಎರಡು ಬೆರಳು ನೇರವಾಗಲಿಲ್ಲ, ಆಗುವುದೂ ಇಲ್ಲ. ಉಳಿದ ಎಂಟು ಹಾಗೇ ಇವೆ. ಹೋದ ಸಲ ಹೋದಾಗ ರೊಟ್ಟಿ ಅವರೇ ತಟ್ಟಿದರು. ದಪ್ಪಗಿತ್ತು.